ಕಲ್ಲಿಲಿಯ ಬಾಗಿಲ ಹಿಂದೆ

ಮಧುಗಿರಿಗೆ ಹೋದವರೆಲ್ಲ ತಲೆಯೆತ್ತಿ ಏಕಶಿಲೆಯ ಬೆಟ್ಟ ನೋಡುತ್ತಾರೆ. ಒಮ್ಮೆ ತಲೆ ತಗ್ಗಿಸಿ ನೋಡಿ! ಊರು ದಾಟಿ ಪಾವಗಡದ ದಿಕ್ಕಿಗೆ ಹೊರಟರೆ ಕೆಂಪು ಗರಸು ನೆಲ, ಕಡಲೆಕಾಯಿ ಹೊಲ, ಹೊಲಕ್ಕೊಂದು ಬದು, ಬದುವಿನ ಮೇಲೆ ಜಾಲಿ, ತಂಗಡಿ. ಆ ಬದುವಿನ ಓರೆಯಲ್ಲಿ ಎಲ್ಲೋ ಒಂದು ಕಡೆ ಬೆಣಚುಕಲ್ಲಿನ ಚೂರುಗಳು ಗುಪ್ಪೆಯಾಗಿ ಬಿದ್ದಿರುತ್ತವೆ. ಮಳೆನೀರು ತಂದು ಹಾಕಿದ್ದಲ್ಲ, ಮಕ್ಕಳು ಆಡಿ ಬಿಟ್ಟು ಹೋದದ್ದೂ ಅಲ್ಲ. ಒಂದೊಂದು ಕಲ್ಲನ್ನೂ ಒಂದು ಜೀವ ಆರಿಸಿ ತಂದು ಪೇರಿಸಿದೆ. ಕಲ್ಲಿಲಿ! ಮೈಮೇಲೆ ಬಿರುಸು ಮುಳ್ಳುಗೂದಲು, ಅಂಗೈಯಲ್ಲಿ ಹಿಡಿಸುವಷ್ಟು ದೇಹ. ಒಳಗೆ ಸೇರಿಕೊಂಡಿತೆಂದರೆ ಬಿಲದ ಬಾಯಿಗೆ ಕಲ್ಲು ಮುಚ್ಚಿ ಬಾಗಿಲು ಹಾಕಿಕೊಳ್ಳುತ್ತದೆ. ಒಳಕೋಣೆಯಲ್ಲಿ ಹಾಸಿಗೆಯೂ ಕಲ್ಲಿನದೇ, ಸಣ್ಣ ಸಣ್ಣ ಹರಳುಗಳ ಹಾಸು.

"ಅದು ಒಳಗೈತೋ ಆಚೀಗೋಗೈತೋ ಬಾಗ್ಲು ನೋಡುದ್ರೆ ಗೊತ್ತಾಯ್ತದೆ ಕಣಪ್ಪ" ಎಂದರು ಕಳೆ ಕೀಳುತ್ತಿದ್ದ ಅಜ್ಜಿ. "ಮುಚ್ಚಿದ್ರೆ ಒಳಗೈತೆ." ಅಷ್ಟು ಹೇಳಿ ಮತ್ತೆ ಕುಡುಗೋಲಿಗೆ ಕೈ ಹಾಕಿದರು. ಅವರಿಗೆ ಇದೇನು ದೊಡ್ಡ ಸಂಗತಿ! ನನಗೆ ಮಾತ್ರ ರೋಮಾಂಚನ. ಯಾಕೆಂದರೆ ಧಾರವಾಡ ಸೀಮೆಯಲ್ಲಿ ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್, 1839ರಲ್ಲಿ ಮದ್ರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದಾಗ ಕಲ್ಲಿಲಿಯ ಬಗ್ಗೆ ಬರೆದದ್ದೂ ಇದನ್ನೇ: ಕೆಂಪು ಗರಸು ಮಣ್ಣು, ದಿಣ್ಣೆಯ ಓರೆ, ಹೊರಗೆ ಹರಳುಗಳ ರಾಶಿ, ಒಳಗಿದ್ದರೆ ಮುಚ್ಚಿದ ಬಾಯಿ. ಎಲಿಯಟ್‌ಗೆ ಇದನ್ನೆಲ್ಲ ತೋರಿಸಿಕೊಟ್ಟವರು ನೆಲ ಅಗೆಯುವ ಕಸುಬಿನ ಜನ. ಯಾವ ಬಿಲ ಯಾರದು, ಎಷ್ಟು ಆಳ, ಒಳಗೆ ಧಾನ್ಯ ಎಷ್ಟು ಎಂದು ಮಣ್ಣು ನೋಡಿಯೇ ಹೇಳಬಲ್ಲವರು. ಒಂದು ಬಿಲ ಬಗೆದರೆ ಜೋಳದ ಇಡೀ ತೆನೆಗಳೇ ಸಿಗುತ್ತಿದ್ದವಂತೆ. ನಮ್ಮ ಹಿರಿಯರು ರಾಗಿಗೆ ಹಗೇವು ತೋಡಿದ ಹಾಗೆ ಇಲಿಗಳೂ ನೆಲದಡಿ ಕಣಜ ಕಟ್ಟಿದ್ದವು!

ಈಗ ಆ ಕಲ್ಲುಬಾಗಿಲ ಮುಂದೆ ಇನ್ನೊಂದು ಗಳಿಗೆ ಕೂತಿರಿ. ಒಳಗಿರುವುದು ಇಲಿಯೊಂದೇ ಅಲ್ಲ. ಅದರ ತುಪ್ಪಳದಲ್ಲಿ ಚಿಗಟ, ಕಿವಿಯಂಚಿನಲ್ಲಿ ಉಣ್ಣೆ, ಕರುಳಿನಲ್ಲಿ ಹುಳು, ಬ್ಯಾಕ್ಟೀರಿಯಾ. ಇವೆಲ್ಲದರ ಒಳಗೆ, ಇಲಿಯ ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳ ಜೀವಕೋಶದೊಳಗೆ, ವೈರಸ್‌ಗಳು. ಹೆಸರಿಟ್ಟವು ಕೆಲವು, ಹೆಸರೇ ಇಲ್ಲದವು ಹಲವು. ಪ್ರಪಂಚದಲ್ಲಿ ಇಂದು ಹೊಸ ವೈರಸ್ ಹುಡುಕುವವರು ಹಿಮಾಲಯ ಹತ್ತಬೇಕಿಲ್ಲ, ಸಮುದ್ರದ ತಳಕ್ಕೆ ಇಳಿಯಬೇಕಿಲ್ಲ. ಹೊಲದ ಬದುವಿಗೆ ಬಂದರೆ ಸಾಕು.

ನಾಲ್ಕು ತಾಲ್ಲೂಕು ಸುತ್ತಿದರೆ 'ಇಲಿ ಎಂದರೆ ಇಲಿ, ಅದರಲ್ಲೇನು' ಎಂಬ ಭ್ರಮೆ ಕಳಚಿ ಬೀಳುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿಗೆ ಜನ ಕೃಷ್ಣಮೃಗ ನೋಡಲು ಬರುತ್ತಾರೆ. ಅಂಥ ಬಯಲಿನಲ್ಲೇ ಬಿಲಇಲಿಯ ಊರು: ಉದ್ದ ಹಿಂಗಾಲು, ದೊಡ್ಡ ಕಣ್ಣು, ಬಾಲದ ತುದಿಗೆ ಕುಚ್ಚು, ಕತ್ತಲಾದ ಮೇಲೆ ಜಿಗಿದು ಓಡುವ ಚೆಲುವೆ. ಶಿರಾ ಕಡೆಯ ಕಡಲೆಕಾಯಿ, ರಾಗಿ ಹೊಲಗಳಲ್ಲಿ ಬೆರಳುದ್ದದ ಹೊಲದಿಲಿ. ಕೊರಟಗೆರೆಯ ತೆಂಗು, ಅಡಿಕೆ ತೋಟಗಳಲ್ಲಿ ಮರ ಹತ್ತಿ ಎಳನೀರು ಕೊರೆಯುವ ಕರಿ ಇಲಿ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಪಾವಗಡದ ನಿಡಗಲ್ಲು, ಈ ಗುಂಡುಬಂಡೆಗಳ ಸಂದಿಗೊಂದಿಗಳು ಬಂಡೆಯಿಲಿಗೆ ಹೇಳಿ ಮಾಡಿಸಿದ ಮನೆ. ಬೇಲಿಪೊದೆಯಲ್ಲಿ ಗುಲಾಂಡಿ, ಕಣದ ಅಂಚಿನಲ್ಲಿ ಹೆಗ್ಗಣ. ಅಳಿಲು? ಅದೂ ಇಲಿಯಂತೆ ಕೊರೆದು ತಿನ್ನುವ ದಂಶಕವೇ. ಮುಳ್ಳುಹಂದಿ? ಹೆಸರಲ್ಲಿ ಹಂದಿ, ಹಲ್ಲಿನಲ್ಲಿ ದಂಶಕ! ಲೋಕದಲ್ಲಿ ದಂಶಕ ಪ್ರಭೇದಗಳು ಸುಮಾರು 2,500. ಅಂದರೆ ಮೊಲೆಯೂಡುವ ಪ್ರಾಣಿ ಪ್ರಭೇದಗಳಲ್ಲಿ ನೂರಕ್ಕೆ 40 ಭಾಗ ಇವೇ. ಹುಲಿ, ಆನೆ, ತಿಮಿಂಗಿಲ, ಮನುಷ್ಯ, ಎಲ್ಲರೂ ಉಳಿದ ಪಾಲಿನಲ್ಲಿ ಹಂಚಿಕೊಂಡಿದ್ದೇವೆ.

ಇಷ್ಟೊಂದು ಇಲಿಗಳ ಹೆಸರು ತಿಳಿದು ಏನು ಬಂತು ಅಂತೀರಾ? ಎಲ್ಲವೂ ಬಂತು! ವೈರಸ್‌ಗೆ ಸ್ವಂತ ಮನೆಯಿಲ್ಲ, ಸ್ವಂತ ಉಸಿರಿಲ್ಲ. ಇನ್ನೊಬ್ಬರ ಜೀವಕೋಶದ ಹೊರಗೆ ಅದು ಸುಮ್ಮನೆ ಒಂದು ಕಣ. ಬಹುತೇಕ ವೈರಸ್‌ಗಳು ಯಾವುದೋ ಒಂದು ಪ್ರಭೇದಕ್ಕೋ ಅದರ ಹತ್ತಿರದ ಬಳಗಕ್ಕೋ ಒಗ್ಗಿಕೊಂಡಿರುತ್ತವೆ. ಬಿಲಇಲಿಯ ವೈರಸ್ ಹೆಗ್ಗಣದಲ್ಲಿ ಬಾಳಬೇಕೆಂದೇನಿಲ್ಲ. ಆದ್ದರಿಂದ ಪ್ರಭೇದ ಎಷ್ಟೋ ಅಷ್ಟು ಹೊಸ ಲೋಕ. ಇಲಿಯ ಗುರುತು ತಪ್ಪಿದರೆ ವೈರಸ್‌ನ ವಿಳಾಸವೇ ತಪ್ಪಿತು. ಗಾತ್ರವೋ, ಕೇಳಲೇಬೇಡಿ. ಇಲಿಗಳಲ್ಲಿರುವ ಹ್ಯಾಂಟಾ ಎಂಬ ವೈರಸ್‌ನ ಒಂದು ಕಣ ಸುಮಾರು 100 ನ್ಯಾನೋಮೀಟರ್. ನಿಮ್ಮ ತಲೆಗೂದಲ ಒಂದು ಎಳೆಯ ಅಗಲದಲ್ಲಿ ಇಂಥ ಎಂಟುನೂರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು!

ಎಲಿಯಟ್ ಬರೆದದ್ದರಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಇನ್ನೊಂದು ಭಾಗವಿದೆ. ಮೃದು ತುಪ್ಪಳದ ಒಂದು ಹೊಲದ ಇಲಿ, ಮೆಟ್ಟಾಡ್ ಎಂದು ಅವನು ಜನರ ಬಾಯಿಂದ ಕೇಳಿ ಬರೆದುಕೊಂಡದ್ದು, ಎರೆಭೂಮಿಯ ಬಿರುಕುಗಳಲ್ಲಿ ವಾಸ ಮಾಡುತ್ತದೆ. ಮುಂಗಾರು ಬಿದ್ದಾಗ ಬಿರುಕು ಮುಚ್ಚಿ ಪ್ರತಿವರ್ಷ ಲೆಕ್ಕವಿಲ್ಲದಷ್ಟು ಸಾಯುತ್ತವೆ. 1826ರಲ್ಲಿ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ. ಇಲಿ ಸಾಯಲಿಲ್ಲ! ಬಿತ್ತಿದ ಬೀಜ ಬಿತ್ತಿದ ಕೂಡಲೇ ಮಾಯ. ಉಳಿದ ಪೈರು ತೆನೆಗೆ ಬಂದಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ. ಡಜನ್ ಲೆಕ್ಕದಲ್ಲಿ ಧಾನ್ಯ ಅಳೆದು ಕೊಟ್ಟು ಇಲಿ ಕೊಲ್ಲಿಸಿದರು. ಸಾವಿರ ಸಾವಿರ ಕೊಂದರೂ ಕಡಿಮೆಯಾದಂತೆ ಕಾಣಲಿಲ್ಲವಂತೆ.

ಇದಕ್ಕೂ ವೈರಸ್‌ಗೂ ಏನು ಸಂಬಂಧ? ಅಲ್ಲಿಂದ 167 ವರ್ಷ ಮುಂದಕ್ಕೆ, ಭೂಮಿಯ ಆ ಬದಿಗೆ ಬನ್ನಿ. 1993ರ ಬೇಸಿಗೆ, ಅಮೆರಿಕದ ನೈಋತ್ಯದ ಒಣನಾಡು, ನವಾಹೋ ಜನರ ಸೀಮೆ. ಗಟ್ಟಿಮುಟ್ಟಾದ ಯುವಕರು ಉಸಿರಾಡಲಾಗದೆ ದಿನಗಳಲ್ಲಿ ಸಾಯತೊಡಗಿದರು. ಪ್ರಯೋಗಾಲಯಗಳು ಕೆಲವೇ ವಾರಗಳಲ್ಲಿ ಕಾರಣ ಹಿಡಿದವು: ಅಲ್ಲಿಯವರೆಗೆ ಯಾರೂ ಕಂಡಿರದ ಒಂದು ಹ್ಯಾಂಟಾ ವೈರಸ್. ಹೊತ್ತದ್ದು ಒಂದು ಪುಟ್ಟ ಕಾಡಿಲಿ. ಹಿಂದಿನ ವರ್ಷ ಎಲ್ ನಿನೋದಿಂದ ಆ ಬರಡು ನಾಡಿನಲ್ಲಿ ಹೆಚ್ಚು ಮಳೆಯಾಗಿ, ಮರಗಳು ಕಾಯಿ ಸುರಿಸಿ, ಇಲಿಗಳು ಹಲವು ಪಟ್ಟು ಹೆಚ್ಚಿದ್ದವು. ಮಳೆ ಹೆಚ್ಚಾದ ವರ್ಷ ಇಲಿ ಹೆಚ್ಚುತ್ತದೆ, ಇಲಿ ಹೆಚ್ಚಾದಾಗ ದೂರವಿರಬೇಕು ಎಂಬುದು ನವಾಹೋ ಹಿರಿಯರ ಮಾತಿನಲ್ಲಿ ಮೊದಲೇ ಇತ್ತು! ಆ ವೈರಸ್‌ಗೆ ತಮ್ಮ ಊರಿನ ಹೆಸರಿಡುವುದು ಬೇಡವೆಂದು ಅಲ್ಲಿನ ಜನ ಹೇಳಿದ್ದರಿಂದ ಕೊನೆಗೆ ಅದಕ್ಕೆ 'ಹೆಸರಿಲ್ಲದ್ದು' ಎಂಬ ಅರ್ಥದ ಹೆಸರೇ ಉಳಿಯಿತು, ಸಿನ್ ನೊಂಬ್ರೆ.

ಅಲ್ಲಿ ಮಳೆ ಹೆಚ್ಚಾಗಿ, ನಮ್ಮಲ್ಲಿ ಮಳೆ ಕಡಿಮೆಯಾಗಿ. ದಾರಿ ಬೇರೆ, ತಲುಪಿದ ಜಾಗ ಒಂದೇ. ಬರಕ್ಕೆ ಹೆಸರಾದ ಪಾವಗಡ, ಶಿರಾ ಸೀಮೆಯಲ್ಲಿ ಮಳೆಯ ಲೆಕ್ಕ ಇಡುವವರು ಪಕ್ಕದ ಕಲಂನಲ್ಲಿ ಇಲಿಯ ಲೆಕ್ಕವನ್ನೂ ಯಾಕೆ ಇಡಬಾರದು ಎಂದು ನನಗೆ ಅನ್ನಿಸುತ್ತದೆ.

ಹ್ಯಾಂಟಾ ಎಂದೆನಲ್ಲ, ಆ ಹೆಸರಿನ ಹಿಂದಿನ ಕತೆಯಲ್ಲಿ ನಮ್ಮ ನೆರೆಯೂರೊಂದು ಅಡಗಿ ಕೂತಿದೆ. ಕೋಲಾರ ದಾಟಿ, ಚಿತ್ತೂರು ದಾಟಿದರೆ ವೆಲ್ಲೂರು. ಅಲ್ಲಿನ ತೊಟ್ಟಪಾಳ್ಯದಲ್ಲಿ 1964ರಲ್ಲಿ ಒಂದು ಸುಂಡಿಲಿ ಬೋನಿಗೆ ಬಿತ್ತು. ಸುಂಡಿಲಿ ನಿಮಗೆ ಗೊತ್ತು: ಉದ್ದ ಮೂತಿ, ಮಂದ ಕಣ್ಣು, ಗೋಡೆಯಂಚಿಗೆ ಚಿಕ್ ಚಿಕ್ ಎನ್ನುತ್ತ ಓಡಾಡುವುದು, ಬೆಕ್ಕೂ ಮೂಸಿ ಬಿಟ್ಟು ಹೋಗುವಂಥ ವಾಸನೆ. ನಿಜಕ್ಕೂ ಅದು ಇಲಿಯೇ ಅಲ್ಲ. ದಂಶಕಗಳ ಬಳಗಕ್ಕೆ ಸೇರದ, ಹುಳುಹುಪ್ಪಟೆ ತಿನ್ನುವ ಬೇರೆಯದೇ ವಂಶ. ಆ ಸುಂಡಿಲಿಯಿಂದ ಒಂದು ವೈರಸ್ ಸಿಕ್ಕಿತು.

ಆಗ ವೈರಸ್ ಹಿಡಿಯುವ ಬಗೆ ಹೇಗಿತ್ತು ಗೊತ್ತೇ? ಪ್ರಾಣಿಯ ರಕ್ತವನ್ನೋ ಅಂಗಾಂಶವನ್ನೋ ಅರೆದು, ಹುಟ್ಟಿ ಎರಡು ಮೂರು ದಿನವಾದ ಬಿಳಿ ಇಲಿಮರಿಗಳ ಮಿದುಳಿಗೆ ಚುಚ್ಚುವುದು. ಆಮೇಲೆ ಕಾಯುವುದು. ಮರಿ ಸೊರಗಿತೋ, ಅದರ ಮಿದುಳಿನಿಂದ ಇನ್ನೊಂದು ಮರಿಗೆ. ಹೀಗೆ ದಾಟಿ ದಾಟಿ ಬಂದದ್ದನ್ನು ಗೊತ್ತಿರುವ ವೈರಸ್‌ಗಳ ವಿರುದ್ಧದ ಪ್ರತಿಕಾಯಗಳ ಸೀರಂ ಜೊತೆ ಒಂದೊಂದಾಗಿ ಜೋಡಿಸಿ ನೋಡುವುದು. ಯಾವುದಾದರೂ ಒಂದರ ಜೊತೆ ಹೊಂದಿದರೆ ಹಳೆಯ ನೆಂಟ. ಯಾವುದಕ್ಕೂ ಹೊಂದಲಿಲ್ಲವೋ, ಹೊಸಬ! ತೊಟ್ಟಪಾಳ್ಯದ ಸುಂಡಿಲಿಯದು ಯಾವುದಕ್ಕೂ ಹೊಂದಲಿಲ್ಲ. ಸೊಳ್ಳೆಯೋ ಉಣ್ಣೆಯೋ ಹರಡುವ ವೈರಸ್ ಇರಬಹುದು ಎಂದು ಊಹಿಸಿ, 1971ರಲ್ಲಿ ಊರ ಹೆಸರಿಟ್ಟು ಪ್ರಕಟಿಸಿದರು. ಶೀತಲ ಪೆಟ್ಟಿಗೆಯಲ್ಲಿ ಅದು ಮಲಗಿತು.

ಅತ್ತ ಕೊರಿಯಾದಲ್ಲಿ ಇನ್ನೊಂದು ಹುಡುಕಾಟ. 1950ರ ದಶಕದ ಯುದ್ಧದಲ್ಲಿ ವಿಶ್ವಸಂಸ್ಥೆಯ 3,000ಕ್ಕೂ ಹೆಚ್ಚು ಸೈನಿಕರನ್ನು ಕಾಡಿದ ರಕ್ತಸ್ರಾವದ ಜ್ವರಕ್ಕೆ ಕಾರಣ ಸಿಕ್ಕಿರಲಿಲ್ಲ. ಹೊ ವಾಂಗ್ ಲೀ ಎಂಬ ವಿಜ್ಞಾನಿ ಪಟ್ಟೆ ಬೆನ್ನಿನ ಹೊಲದಿಲಿಯ ಶ್ವಾಸಕೋಶದಲ್ಲಿ ಅದರ ಸುಳಿವು ಹಿಡಿದದ್ದು 1976ರಲ್ಲಿ, ಪ್ರಕಟಿಸಿದ್ದು 1978ರಲ್ಲಿ. ಹಂಟಾನ್ ನದಿಯ ಹೆಸರಿನಿಂದ ಅದು ಹ್ಯಾಂಟಾನ್ ವೈರಸ್ ಆಯಿತು, ಅದರ ಕುಲವೆಲ್ಲ ಹ್ಯಾಂಟಾ ಆಯಿತು. ಆಮೇಲೆ 1980ರ ದಶಕದಲ್ಲಿ ತೊಟ್ಟಪಾಳ್ಯದ ಮಾದರಿಯನ್ನು ಮತ್ತೆ ತೆಗೆದು ನೋಡುತ್ತಾರೆ, ಅದೂ ಹ್ಯಾಂಟಾ! ಸೊಳ್ಳೆಯದೂ ಅಲ್ಲ, ಉಣ್ಣೆಯದೂ ಅಲ್ಲ. ಪ್ರಪಂಚದಲ್ಲಿ ಮೊತ್ತಮೊದಲು ಬೇರ್ಪಡಿಸಿದ ಹ್ಯಾಂಟಾ ವೈರಸ್, ಕೊರಿಯಾಕ್ಕಿಂತ ಹನ್ನೆರಡು ವರ್ಷ ಮುಂಚೆಯೇ, ವೆಲ್ಲೂರಿನ ಒಂದು ಬೀದಿಯ ಸುಂಡಿಲಿಯದು! ಯಾರಿಗೂ ಗೊತ್ತಿಲ್ಲದೆ ಕೈಯಲ್ಲೇ ಇತ್ತು!

ಕತೆ ಇಲ್ಲಿಗೆ ಮುಗಿಯಲಿಲ್ಲ. 2007ರಲ್ಲಿ ಪ್ರಜ್ಞಾ ಯಾದವ್ ಮತ್ತು ಸಂಗಡಿಗರು ತೊಟ್ಟಪಾಳ್ಯ ವೈರಸ್‌ನ ಜೀನೋಮ್ ಓದಿದಾಗ ಅದು ಇಲಿಗಳ ಹ್ಯಾಂಟಾಗಳಿಂದ ಬಹುದೂರ ನಿಂತ ಕೊಂಬೆಯೆಂದು ಕಂಡಿತು. ಕೋವಿಡ್ ಕಾಲದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪ್ರಯೋಗಾಲಯದಿಂದ ನಾವೆಲ್ಲ ಹೆಸರು ಕೇಳಿದ ಪ್ರಜ್ಞಾ ಯಾದವ್ ಅವರೇ. ಹ್ಯಾಂಟಾ ಎಂದರೆ ಇಲಿಯ ವೈರಸ್ ಎಂಬ ಪಾಠವೇ ಅಲುಗಾಡಿತು. ಸುಂಡಿಲಿಯಲ್ಲಿದ್ದರೆ ಇನ್ನೆಲ್ಲಿರಬಹುದು ಎಂದು ಹುಡುಕಹೊರಟವರಿಗೆ ನೆಲ ಕೊರೆಯುವ ಮೋಲ್‌ಗಳಲ್ಲಿ ಸಿಕ್ಕಿತು, ಬಾವಲಿಗಳಲ್ಲಿ ಸಿಕ್ಕಿತು. 2018ರಲ್ಲಿ ಮೀನುಗಳಲ್ಲೂ ಹಲ್ಲಿಯ ಬಳಗದಲ್ಲೂ ಇವುಗಳ ನಂಟರು ಕಂಡರು. ಮೀನು! ಅಡುಗೆಮನೆ ಮೂಲೆಯಲ್ಲಿ ಓಡಿದ ಸುಂಡಿಲಿಯ ಜಾಡು ಹಿಡಿದು ಸಮುದ್ರಕ್ಕೆ ಹೋಗಿ ಮುಟ್ಟಿದಂತಾಯಿತು.

ನಮ್ಮದೇ ಮಲೆನಾಡಿಗೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗರು ಜ್ವರಕ್ಕೆ ತುತ್ತಾದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಪುಣೆಯಲ್ಲಿ ಶುರು ಮಾಡಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಹಿಡಿದರು. ಮಂಗನ ಕಾಯಿಲೆ ಎಂದು ಇಂದಿಗೂ ನಾವು ಕರೆಯುವುದು ಅದನ್ನೇ. ಹೆಸರು ಮಂಗನದು, ಹರಡುವುದು ಉಣ್ಣೆ. ಆದರೆ ಉಣ್ಣೆ ಮರಿಯಾಗಿದ್ದಾಗ ರಕ್ತ ಹೀರುವುದು ಯಾರ ಮೈಯಿಂದ? ಕಾಡಿಲಿ, ಅಳಿಲು, ಸುಂಡಿಲಿ! ಸಾಗರ, ಸೊರಬದ ಕಾಡುಗಳಲ್ಲಿ ವರ್ಷಗಟ್ಟಲೆ ಬೋನಿಟ್ಟು ಈ ಸಣ್ಣ ಪ್ರಾಣಿಗಳನ್ನು ಹಿಡಿದು ಪರೀಕ್ಷಿಸಿದ ಕ್ಷೇತ್ರ ಸಿಬ್ಬಂದಿಗೆ ಅವುಗಳಲ್ಲೂ ಮಂಗನ ಕಾಯಿಲೆಯ ವೈರಸ್ ಸಿಕ್ಕಿತು. ಮಂಗ ಸತ್ತು ಸುದ್ದಿಯಾಗುತ್ತದೆ, ಇಲಿ ಸಾಯದೆ ಸುಮ್ಮನಿರುತ್ತದೆ. ಯಾವುದು ಹೆಚ್ಚು ಕುತೂಹಲದ್ದು, ನೀವೇ ಹೇಳಿ.

ಒಂದನ್ನು ಹುಡುಕಲು ಹೋದವರಿಗೆ ಇನ್ನೊಂದು ಸಿಗುವುದೇ ಈ ಕೆಲಸದ ಮಜಾ. ಕೈಸೋಡಿ ಎಂಬ ಹಳ್ಳಿಯ ಉಣ್ಣೆಗಳಲ್ಲಿ ಮಂಗನ ಕಾಯಿಲೆಗೆ ಸಂಬಂಧವೇ ಇಲ್ಲದ ವೈರಸ್ ಸಿಕ್ಕಿ ಕೈಸೋಡಿ ವೈರಸ್ ಆಯಿತು. 1960ರ ದಶಕದ ಶುರುವಿನಲ್ಲಿ ಬರೂರಿನ ಒಂದು ಇಲಿಯಲ್ಲಿ ಬರೂರು ವೈರಸ್. ಇದು ರೇಬೀಸ್‌ನ ಕುಟುಂಬಕ್ಕೆ ಸೇರಿದ್ದು, ದೂರದ ದಾಯಾದಿ. ಮುಂದೆ ಆಫ್ರಿಕಾದ ಸೊಮಾಲಿಯಾದಲ್ಲಿ ಉಣ್ಣೆಗಳನ್ನು ಶೋಧಿಸಿದವರಿಗೂ ಇದೇ ಬರೂರು ವೈರಸ್ ಎದುರಾಯಿತು. ಜಾಗತಿಕ ವೈರಸ್ ಪಟ್ಟಿಯನ್ನು ತೆರೆದು ನೋಡಿದರೆ ನಮ್ಮ ಬಸ್ ನಿಲ್ಲದ ಹಳ್ಳಿಗಳ ಹೆಸರು ಸಾಲಾಗಿ ಸಿಗುತ್ತವೆ. ಹೆಮ್ಮೆಪಡಬೇಕೋ ಬೆವರಬೇಕೋ ತಿಳಿಯದೆ ಒಂದು ಗಳಿಗೆ ನಗು ಬರುತ್ತದೆ.

ಇಲಿಮರಿಯ ಮಿದುಳಿಗೆ ಚುಚ್ಚುವ ಕಾಲ ಹೋಯಿತು. ಆ ಬಗೆಯಲ್ಲಿ ಸಿಗುತ್ತಿದ್ದದ್ದು ಮರಿಗೆ ಕಾಯಿಲೆ ತರುವ ವೈರಸ್ ಮಾತ್ರ. ಸೌಮ್ಯವಾದವು ಬಲೆಗೇ ಬೀಳುತ್ತಿರಲಿಲ್ಲ. ಈಗ ಹಾಗಲ್ಲ. ಸಂಜೆ ಬದುಗುಂಟ ಅಲ್ಯೂಮಿನಿಯಂನ ಮಡಚುವ ಬೋನು ಸಾಲಾಗಿ ಇಡುತ್ತಾರೆ. ಒಳಗೆ ಹುರಿದ ಕಡಲೆಕಾಯಿಯೋ ಕೊಬ್ಬರಿ ಚೂರೋ. ಬೆಳಗಿನ ಬಿಸಿಲೇರುವ ಮೊದಲು ಎತ್ತಬೇಕು, ತಡವಾದರೆ ಲೋಹ ಕಾದು ಪ್ರಾಣಿ ಸಾಯುತ್ತದೆ. ಕೈಗೆ ಗ್ಲೌಸು, ಮುಖಕ್ಕೆ ಬಿಗಿಯಾದ ಮಾಸ್ಕು. ತೂಕ, ಬಾಲದ ಉದ್ದ, ಹಿಂಗಾಲಿನ ಅಳತೆ. ರಕ್ತ, ಉಗುಳು, ಹಿಕ್ಕೆ ಇಷ್ಟನ್ನು ತೆಗೆದುಕೊಂಡು ಕೆಲವನ್ನು ಹಿಡಿದ ಜಾಗದಲ್ಲೇ ಬಿಟ್ಟುಬಿಡುವುದೂ ಉಂಟು. ಮಾದರಿ ಕೆಡದಂತೆ ದ್ರಾವಣದಲ್ಲಿ ಮುಳುಗಿಸಿ, ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ.

ಅಲ್ಲಿ ನಡೆಯುವುದು ನಿಜವಾದ ಇಂದ್ರಜಾಲ. ಮಾದರಿಯಲ್ಲಿರುವ ಆರ್‌ಎನ್‌ಎ ಅಷ್ಟನ್ನೂ, ಯಾರದು ಏನು ಎಂದು ಕೇಳದೆ, ಚೂರು ಚೂರಾಗಿ ಓದಿಬಿಡುತ್ತಾರೆ. ಕೋಟಿಗಟ್ಟಲೆ ಚೂರು. ಅದರಲ್ಲಿ ಬಹುಪಾಲು ಇಲಿಯದೇ, ಮಿಕ್ಕದ್ದರಲ್ಲಿ ಹೆಚ್ಚು ಬ್ಯಾಕ್ಟೀರಿಯಾದ್ದು, ತಿಂದ ಕಾಳಿನದು. ರಾಗಿಯ ರಾಶಿಯಲ್ಲಿ ಬೆರೆತುಹೋದ ಸಾಸಿವೆಯನ್ನು ಜರಡಿ ಹಿಡಿದು ಹೆಕ್ಕಿದ ಹಾಗೆ, ಕಂಪ್ಯೂಟರ್ ಇಲಿಯದನ್ನೆಲ್ಲ ಸೋಸಿ ಆಚೆ ಹಾಕುತ್ತದೆ. ಉಳಿದ ಚೂರುಗಳ ಅಂಚಿಗೆ ಅಂಚು ಹೊಂದಿಸಿ ಉದ್ದ ಮಾಡುತ್ತದೆ. ಆರ್‌ಎನ್‌ಎ ವೈರಸ್‌ಗಳಲ್ಲಿ ತಮ್ಮನ್ನು ತಾವೇ ನಕಲು ಮಾಡಿಕೊಳ್ಳುವ ಒಂದು ಕಿಣ್ವದ ಜೀನ್ ಇರುತ್ತದೆ. ಎಷ್ಟೇ ಬದಲಾದರೂ ಅದರ ಕೆಲವು ಗುರುತು ಅಳಿಯುವುದಿಲ್ಲ. ಆ ಗುರುತು ಕಂಡ ಕೂಡಲೇ ತಿಳಿಯುತ್ತದೆ, ಇಲ್ಲೊಂದು ವೈರಸ್ ಇದೆ. ದಾಖಲಾದ ಯಾವುದಕ್ಕೂ ಹೋಲದಿದ್ದರೆ, ಮನುಷ್ಯನ ಕಣ್ಣಿಗೆ ಅದು ಬೀಳುತ್ತಿರುವುದು ಅದೇ ಮೊದಲು!

ಇದು ಎಷ್ಟು ಫಲ ಕೊಡುತ್ತದೆ? ನ್ಯೂಯಾರ್ಕ್ ನಗರದಲ್ಲಿ 133 ಇಲಿ ಹಿಡಿದು ಹೀಗೆ ಓದಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕಾಡಲ್ಲ, ಗುಹೆಯಲ್ಲ. ಪ್ರಪಂಚದ ಅತಿ ಪರಿಚಿತ ಊರಿನ ಅತಿ ಪರಿಚಿತ ಪ್ರಾಣಿ. ಸಿಕ್ಕ ಹೊಸ ವೈರಸ್‌ಗಳು 18! ಒಂದು ಊರಿನ ಒಂದೇ ಜಾತಿಯ ಇಲಿಯಲ್ಲಿ ಇಷ್ಟಾದರೆ, ಬಿಲಇಲಿ, ಬಂಡೆಯಿಲಿ, ಕಲ್ಲಿಲಿ, ಗುಲಾಂಡಿ, ಹೆಗ್ಗಣಗಳೆಲ್ಲ ಒಂದೇ ಹೋಬಳಿಯಲ್ಲಿ ಬಾಳುವ ನಮ್ಮ ಕಡೆ ಎಷ್ಟಿರಬೇಡ! 2022ರಲ್ಲಿ ಇನ್ನೊಂದು ತಂಡ ಬೋನನ್ನೇ ಮುಟ್ಟಲಿಲ್ಲ. ಬೇರೆ ಬೇರೆ ಕೆಲಸಕ್ಕೆಂದು ಲೋಕದ ವಿಜ್ಞಾನಿಗಳು ಓದಿ ಸಾರ್ವಜನಿಕವಾಗಿ ಇಟ್ಟಿದ್ದ 57 ಲಕ್ಷ ಮಾದರಿಗಳ ದತ್ತಾಂಶವನ್ನೇ ಕಂಪ್ಯೂಟರಿನಲ್ಲಿ ಜಾಲಾಡಿ, ಒಂದು ಲಕ್ಷಕ್ಕೂ ಹೆಚ್ಚು ಹೊಸ ಆರ್‌ಎನ್‌ಎ ವೈರಸ್‌ಗಳ ಸುಳಿವು ತೆಗೆಯಿತು.

ಇಲ್ಲಿಗೆ ಬಂದಾಗ ಕೇಳುವವರ ಮುಖ ಸಣ್ಣದಾಗುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಹಳಬರ ಬಾಯಲ್ಲಿ 'ಇಲಿ ಬಿತ್ತು' ಎಂಬ ಮಾತಿಗೆ ಇನ್ನೂ ನಡುಕವಿದೆ. ಪ್ಲೇಗಿನ ಕಾಲದಲ್ಲಿ ಅಟ್ಟದಿಂದ ಒಂದು ಇಲಿ ಸತ್ತು ಬಿದ್ದರೆ ಇಡೀ ಊರು ಗಂಟುಮೂಟೆ ಕಟ್ಟಿ ಹೊಲದ ಗುಡಿಸಲಿಗೆ ಹೋಗುತ್ತಿತ್ತು. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದ ಮೇಲೆಯೇ ಮಲ್ಲೇಶ್ವರ, ಬಸವನಗುಡಿಯಂಥ ಗಾಳಿಬೆಳಕಿನ ಬಡಾವಣೆಗಳು ಬೆಳೆದದ್ದು. ಪ್ಲೇಗು ಬ್ಯಾಕ್ಟೀರಿಯಾದ ಕಾಯಿಲೆ, ವೈರಸ್‌ನದಲ್ಲ. ಆದರೆ ನೆನಪಿಗೆ ಆ ಭೇದವಿಲ್ಲ.

ಇಲಿಯ ಬಹುತೇಕ ವೈರಸ್‌ಗಳು ನಮ್ಮ ತಂಟೆಗೆ ಬರುವುದಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇಲಿಗೂ ಅವು ಹೆಚ್ಚೇನೂ ಮಾಡುವುದಿಲ್ಲ. ಹ್ಯಾಂಟಾ ಹೊತ್ತ ಇಲಿ ಉಂಡುಟ್ಟು ಓಡಾಡಿಕೊಂಡಿರುತ್ತದೆ, ಆಯುಸ್ಸು ಪೂರ್ತಿ ಮೂತ್ರದಲ್ಲಿ ವೈರಸ್ ಚೆಲ್ಲುತ್ತ. ತನ್ನ ಮನೆಯನ್ನೇ ಸುಟ್ಟುಕೊಳ್ಳುವ ವೈರಸ್ ಎಷ್ಟು ದಿನ ಬಾಳೀತು! ತೊಡಕು ಬರುವುದು ಮನೆ ಬದಲಾಯಿಸಿದಾಗ. ಚೀನಾದಲ್ಲಿ ಜ್ವರ ಬಂದ 35 ಜನರಲ್ಲಿ ಲಾಂಗ್ಯ ಎಂಬ ಹೊಸ ವೈರಸ್ ಕಂಡದ್ದು 2022ರಲ್ಲಿ ಪ್ರಕಟವಾಯಿತು. ಮೂಲ ಹುಡುಕಹೋದರೆ ಮತ್ತೆ ಸುಂಡಿಲಿಯೇ, ಪರೀಕ್ಷಿಸಿದ 262ರಲ್ಲಿ 71ರ ಮೈಯಲ್ಲಿ ಅದಿತ್ತು. ಇಲಿಗಳ ಹೆಪಟೈಟಿಸ್ ಇ ವೈರಸ್ ಜರ್ಮನಿಯಲ್ಲಿ ಸಿಕ್ಕಿದ್ದು 2010ರಲ್ಲಿ. ಇದು ಇಲಿಯದು, ನಮಗಲ್ಲ ಎಂದುಕೊಂಡಿದ್ದರು. 2018ರಲ್ಲಿ ಹಾಂಕಾಂಗಿನ ಒಬ್ಬ ರೋಗಿಯ ಯಕೃತ್ತಿನಲ್ಲಿ ಪ್ರತ್ಯಕ್ಷ. ಇಲಿಯಲ್ಲಿ ಮೊದಲೇ ಕಂಡು ಹೆಸರಿಟ್ಟಿದ್ದರಿಂದಲೇ ಅದನ್ನು ಮನುಷ್ಯನಲ್ಲಿ ಗುರುತಿಸಲು ಆಯಿತು. ಹೊಸ ವೈರಸ್ ಹುಡುಕಿ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಈ ಹಾಂಕಾಂಗ್ ರೋಗಿಯನ್ನು ತೋರಿಸುತ್ತೇನೆ.

ಯಾವ ಇಲಿ ನಮಗೆ ಹತ್ತಿರ ಬರುತ್ತದೆ ಎಂಬುದನ್ನು ನೆಲವೇ ತೀರ್ಮಾನಿಸುತ್ತದೆ. ಜಗತ್ತಿನ 6,800 ತಾಣಗಳ ಪ್ರಾಣಿ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದ 2020ರ ಅಧ್ಯಯನವೊಂದು ಹೇಳಿದ್ದು ಇದು: ಕಾಡು, ಹುಲ್ಲುಗಾವಲು ಹೊಲವಾಗಿ, ಊರಾಗಿ ಬದಲಾದ ಕಡೆ, ಮನುಷ್ಯರಿಗೆ ರೋಗ ದಾಟಿಸಬಲ್ಲ ಪ್ರಾಣಿಗಳದೇ ಪಾಲು ಹೆಚ್ಚುತ್ತದೆ. ದಂಶಕಗಳಲ್ಲಿ ಇದು ಎದ್ದು ಕಾಣುತ್ತದೆ. ನಾಚಿಕೆಯ ಬಂಡೆಯಿಲಿ ಜಾಗ ಖಾಲಿ ಮಾಡುತ್ತದೆ, ಎಲ್ಲಿ ಬೇಕಾದರೂ ಬದುಕುವ ಕರಿ ಇಲಿ ಬಂದು ಕೂರುತ್ತದೆ. ಪಾವಗಡದ ತಿರುಮಣಿ, ವಳ್ಳೂರು ಸುತ್ತ 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟ್ ಸೌರ ಪಾರ್ಕನ್ನು ನೆನೆಯಿರಿ. ಬಿಸಿಲಿಗೆ ಕಾಯುತ್ತಿದ್ದ ನೆಲದ ಮೇಲೆ ಈಗ ಹಗಲಿಡೀ ನೆರಳಿನ ಪಟ್ಟೆಗಳು. ಆ ನೆರಳಿನಲ್ಲಿ ಬಿಲ ತೋಡುವವರು ಯಾರು, ಬಿಟ್ಟು ಹೋಗುವವರು ಯಾರು? ಬೋನು ಹಿಡಿದು ಹೊರಡುವ ಹುರುಪಿನ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ತೋಚುವುದಿಲ್ಲ.

ಅಲ್ಲಿಯವರೆಗೆ ಒಂದು ಮನೆಮಾತು. ವರ್ಷಗಟ್ಟಲೆ ಮುಚ್ಚಿದ್ದ ಉಗ್ರಾಣ, ಪಂಪ್‌ಸೆಟ್ ಮನೆ ತೆರೆದಾಗ ಒಣ ಹಿಕ್ಕೆಯನ್ನು ಪೊರಕೆಯಿಂದ ಧೂಳೆಬ್ಬಿಸಿ ಗುಡಿಸಬೇಡಿ. ಹ್ಯಾಂಟಾದಂಥವು ದಾಟುವುದು ಆ ಧೂಳು ಉಸಿರಿಗೆ ಸೇರಿಯೇ. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆಯಿರಿ. ಅಷ್ಟು ಸಾಕು.

ನ್ಯೂಯಾರ್ಕಿನ ಆ 18 ಹೊಸ ವೈರಸ್‌ಗಳ ಪೈಕಿ ಎರಡರ ಬಗ್ಗೆ ಹೇಳದೆ ಬಿಡಲಾರೆ. ಅವು ಮನುಷ್ಯರ ಹೆಪಟೈಟಿಸ್ ಸಿ ವೈರಸ್‌ನ ಬಳಗದವು. ಹೆಪಟೈಟಿಸ್ ಸಿ ಪತ್ತೆಯಾದದ್ದು 1989ರಲ್ಲಿ. ಗುಳಿಗೆ ಬಂದಿದೆ, ಲಸಿಕೆ ಬಂದಿಲ್ಲ. ಬರದಿರಲು ಒಂದು ಕಾರಣ, ಆ ವೈರಸ್ ಪ್ರಯೋಗಾಲಯದ ಸಾಮಾನ್ಯ ಪ್ರಾಣಿಗಳಲ್ಲಿ ನೆಲೆ ನಿಲ್ಲುವುದಿಲ್ಲ. ಲಸಿಕೆ ಯಾರ ಮೇಲೆ ಪರೀಕ್ಷಿಸುವುದು? ಚರಂಡಿಯ ಇಲಿ ಉತ್ತರ ತಂದುಕೊಟ್ಟಿತು. ಅದರ ವೈರಸ್ ಇಲಿಯ ಯಕೃತ್ತಿನಲ್ಲಿ, ನಮ್ಮಲ್ಲಿ ಹೆಪಟೈಟಿಸ್ ಸಿ ಮಾಡುವ ಹಾಗೆಯೇ, ಬಹುಕಾಲ ಠಿಕಾಣಿ ಹೂಡುತ್ತದೆ! 2019ರಲ್ಲಿ ಆ ವೈರಸ್ ವಿರುದ್ಧ ತಯಾರಿಸಿದ ಪ್ರಾಯೋಗಿಕ ಲಸಿಕೆ ಪಡೆದ ಇಲಿಗಳಲ್ಲಿ ಹೆಚ್ಚಿನವು ಸೋಂಕನ್ನು ತಾವೇ ತೊಡೆದುಹಾಕಿದವು.